ರೇಸ್ ಬಿಟ್ಟಿಲ್ಲ, ಅವಸರ ಬಿಟ್ಟಿದ್ದೇನೆ

ಕಾಲೇಜಿನಲ್ಲಿ ಎದುರಾದವರೆಲ್ಲ ಈಗ ಕೇಳುವುದು ಒಂದೇ: "ಏನೋ, ಸೈಕಲ್ ಬಿಟ್ಟೆಯಂತೆ?" ಬಿಟ್ಟಿಲ್ಲ. ಮೊಣಕಾಲು ನೋವಿನಿಂದ ಆರು ವಾರ ಸೈಕಲ್ಲನ್ನು ಗೋಡೆಗೆ ಒರಗಿಸಿಟ್ಟಿದ್ದೆ, ಅಷ್ಟೇ. ತಪ್ಪು ನನ್ನದೇ.

ನನ್ನ ಊರು ಬ್ಯಾಡಗಿ. ಫಜರ್ ನಮಾಜ್ ಮುಗಿಸಿ ಹೊರಟು, ಮೋಟೆಬೆನ್ನೂರಿನ ಮೇಲೆ ರಾಣೆಬೆನ್ನೂರಿಗೆ ಹೋಗಿ, ಹಾವೇರಿ ಬಸ್ಸಿನ ಹೊತ್ತಿಗೆ ಮನೆಗೆ ಬರುತ್ತಿದ್ದೆ. ಸುಮಾರು 50 ಕಿ.ಮೀ. ಮಳೆಗಾಲದ ಪಡುವಣ ಗಾಳಿ ಹೋಗುವಾಗ ಬೆನ್ನಿಗೆ, ಬರುವಾಗ ಎದೆಗೆ. ಗಾಳಿಗೆ ಸೋಲಬಾರದೆಂಬ ಹಟದಲ್ಲಿ ಭಾರದ ಗೇರ್ ಹಾಕಿ ತುಳಿದೆ. ವಾರಕ್ಕೆ ಮೂರು ದಿನ ಹೋಗುತ್ತಿದ್ದವನು ಒಮ್ಮೆಲೇ ಆರು ದಿನ ಹೋಗತೊಡಗಿದೆ. ನೋವು ಶುರುವಾದಾಗ ಅಬ್ಬಾಗೆ ಹೇಳಲಿಲ್ಲ. ಹೇಳಿದರೆ ಸೈಕಲ್ ಬಂದ್ ಆಗುತ್ತದೆಂಬ ಭಯ. ಮೂರನೇ ವಾರ ಮೆಟ್ಟಿಲು ಇಳಿಯಲಾಗದಾಗ ಮನೆಯವರಿಗೆ ತಾನಾಗಿಯೇ ಗೊತ್ತಾಯಿತು.

ವೈದ್ಯರು ಎರಡು ಕಾರಣ ಹೇಳಿದರು. ಒಂದು, ಅಭ್ಯಾಸವನ್ನು ಏಕಾಏಕಿ ಇಮ್ಮಡಿ ಮಾಡಿದ್ದು. ಇನ್ನೊಂದು, ಸೀಟು ತೀರಾ ಕೆಳಗಿದ್ದದ್ದು. ಸೀಟು ಕೆಳಗಿದ್ದರೆ ಮೊಣಕಾಲು ಹೆಚ್ಚು ಮಡಚಿ ಮುಂಭಾಗಕ್ಕೆ ಒತ್ತಡ ಬೀಳುತ್ತದೆ. ನೀವೂ ಪರೀಕ್ಷಿಸಿಕೊಳ್ಳಿ: ಸೀಟಿನ ಮೇಲೆ ಕುಳಿತು, ಪೆಡಲ್ ಕೆಳಗೆ ಬಂದಾಗ ಹಿಮ್ಮಡಿ ಇಟ್ಟರೆ ಕಾಲು ನೇರವಾಗಬೇಕು. ಈ ಎರಡು ನಿಮಿಷದ ಕೆಲಸ ಮಾಡದೆ ನಾನು ಆರು ವಾರ ಕಳೆದುಕೊಂಡೆ.

ದಿನಾ ದಣಿದರೆ ಮಾತ್ರ ಗಟ್ಟಿಯಾಗುತ್ತೇವೆ ಎಂದು ನಂಬಿದ್ದೆ. ಆದರೆ ದಣಿದ ಸ್ನಾಯು ಸರಿಯಾಗಿ ಬಲಗೊಳ್ಳುವುದು ವಿಶ್ರಾಂತಿಯಲ್ಲಿ, ನಿದ್ದೆಯಲ್ಲಿ. ಓದಿನಲ್ಲೂ ಹಾಗೇ ಅಲ್ಲವೇ? ರಾತ್ರಿಯಿಡೀ ಎದ್ದಿದ್ದು ಪರೀಕ್ಷೆಗೆ ಕುಳಿತವರಿಗೆ ಇದು ಗೊತ್ತು.

"ಪಿಯುಸಿ ವರ್ಷದಲ್ಲಿ ರೇಸ್ ಯಾಕೆ? ಮುಂದೆ ನೋಡಿದರಾಯಿತು" ಎನ್ನುವವರಿದ್ದಾರೆ. ಅವರ ಕಾಳಜಿ ನಿಜ. ಆದರೆ ಸೈಕ್ಲಿಂಗ್‌ನಲ್ಲಿ ಜೂನಿಯರ್ ವಿಭಾಗ ಎಂದರೆ 17 ಮತ್ತು 18ರ ವಯಸ್ಸು. ಅಂದರೆ ನಾವು ಈ ಕಾಲೇಜಿನಲ್ಲಿರುವ ಎರಡೇ ವರ್ಷ. ವಿಜಯಪುರ, ಬಾಗಲಕೋಟೆಯ ಹುಡುಗ ಹುಡುಗಿಯರು ಇದೇ ವಯಸ್ಸಿನಲ್ಲಿ ರಾಷ್ಟ್ರಮಟ್ಟದ ಪದಕ ತಂದಿದ್ದಾರೆ. ಅವರ ರಸ್ತೆ, ಅವರ ಬಿಸಿಲು ನಮ್ಮದಕ್ಕಿಂತ ಸುಲಭವೇನಲ್ಲ. ಹಾಗೆಂದು ಈಗ ತಪ್ಪಿದರೆ ಬಾಗಿಲು ಮುಚ್ಚಿತೆಂದೂ ಅಲ್ಲ. ಬೆಂಗಳೂರಿನ ನವೀನ್ ಜಾನ್ ರೇಸಿಂಗ್ ಶುರು ಮಾಡಿದ್ದು ಅಮೆರಿಕದಲ್ಲಿ ಎಂಜಿನಿಯರಿಂಗ್ ಓದುವಾಗ. 2016ರಲ್ಲಿ ದೋಹಾದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಅವರು ಭಾರತದ ಪರ ಟೈಮ್ ಟ್ರಯಲ್ ಓಡಿಸಿದರು. ಓದು ಮತ್ತು ಸೈಕಲ್ ಒಂದಕ್ಕೊಂದು ಶತ್ರುಗಳಲ್ಲ.

ನಮ್ಮ ಉಪನ್ಯಾಸಕರಲ್ಲಿ ಒಂದು ಮನವಿ. ತಿಂಗಳಿಗೊಂದು ಭಾನುವಾರ ಬೆಳಿಗ್ಗೆ, ವಾಹನ ಕಡಿಮೆ ಇರುವ ರಸ್ತೆಯಲ್ಲಿ 10 ಕಿ.ಮೀ. ಟೈಮ್ ಟ್ರಯಲ್ ಇಡೋಣ. ಒಬ್ಬೊಬ್ಬರೇ ಒಂದು ನಿಮಿಷದ ಅಂತರದಲ್ಲಿ ಹೊರಡುವುದರಿಂದ ನೂಕುನುಗ್ಗಲಿಲ್ಲ. ಬೇಕಾಗುವುದು ಒಂದು ಗಡಿಯಾರ, ಎರಡು ತುದಿಗೆ ಇಬ್ಬರು ಮೇಷ್ಟ್ರು, ಎಲ್ಲರ ತಲೆಗೆ ಹೆಲ್ಮೆಟ್. ದುಬಾರಿ ಸೈಕಲ್ ಬೇಡ. ಎಂಟನೇ ತರಗತಿಯಲ್ಲಿ ಅಣ್ಣನಿಗೋ ಅಕ್ಕನಿಗೋ ಸರ್ಕಾರ ಕೊಟ್ಟ ಸೈಕಲ್ ಮನೆಯಲ್ಲಿದ್ದರೆ ಅದೇ ಸಾಕು. ಹುಡುಗಿಯರಿಗೂ ಪ್ರತ್ಯೇಕ ಪಟ್ಟಿ ಇರಲಿ.

ನೋವಿಗೆ ಮೊದಲು ನನ್ನ 10 ಕಿ.ಮೀ. ಸಮಯ 18 ನಿಮಿಷ ಇತ್ತು. ಕಳೆದ ಭಾನುವಾರ 19 ಆಯಿತು. ಎರಡೂ ರಾಷ್ಟ್ರಮಟ್ಟಕ್ಕೆ ಸಾಲವು, ಗೊತ್ತು. ಆದರೆ ಈ ಸಲ ಮನೆಗೆ ಬಂದು ಮೆಟ್ಟಿಲನ್ನು ಆರಾಮಾಗಿ ಹತ್ತಿದೆ. ಈಗ ವಾರಕ್ಕೆ ನಾಲ್ಕೇ ದಿನ ಅಭ್ಯಾಸ. ನೋವು ಬಂದರೆ ಆ ದಿನವೇ ಅಬ್ಬಾಗೆ ಹೇಳುತ್ತೇನೆ.