ಬ್ರೆಜಿಲ್‌ನ ಫ್ರಾಸ್ಟ್ ಸುದ್ದಿ: ಕಾಫಿ ಬೆಳೆಗಾರರು ಗಮನಿಸಬೇಕಾದುದೇನು?

ಜೂನ್‌ನಿಂದ ಆಗಸ್ಟ್‌ವರೆಗೆ ಬ್ರೆಜಿಲ್‌ನಲ್ಲಿ ಚಳಿಗಾಲ. ಅಲ್ಲಿ ಫ್ರಾಸ್ಟ್, ಅಂದರೆ ಗಿಡಗಳ ಮೇಲೆ ನೀರು ಹೆಪ್ಪುಗಟ್ಟುವಷ್ಟು ಚಳಿ, ಬಿದ್ದಿತೆಂಬ ಸುದ್ದಿ ಬಂದೊಡನೆ ಅರೇಬಿಕಾ ದಾಸ್ತಾನನ್ನು ಮಾರಬೇಕೆ, ಇಟ್ಟುಕೊಳ್ಳಬೇಕೆ ಎಂಬ ಪ್ರಶ್ನೆ ಚಿಕ್ಕಮಗಳೂರು, ಹಾಸನ, ಕೊಡಗಿನಲ್ಲಿ ಏಳುತ್ತದೆ. 2021ರ ಜುಲೈ 20ರಂದು ಮಿನಾಸ್ ಜೆರೈಸ್ ರಾಜ್ಯದ ದಕ್ಷಿಣ ಭಾಗದ ತೋಟಗಳು ಚಳಿಗೆ ಕಮರಿದಾಗ, ವಾರದೊಳಗೆ ನ್ಯೂಯಾರ್ಕ್ ಪೇಟೆಯಲ್ಲಿ ದರವು ಪೌಂಡಿಗೆ 2 ಡಾಲರ್ ದಾಟಿತು. ಇಂತಹ ಸಂದರ್ಭದಲ್ಲಿ ತಾವು ತಿಳಿಯಬೇಕಾದುದು ಉಷ್ಣಾಂಶದ ಅಂಕಿಯನ್ನಷ್ಟೇ ಅಲ್ಲ, ಗಿಡದ ಯಾವ ಭಾಗ ಸತ್ತಿದೆ ಎಂಬುದನ್ನು.

ಹಿಮಾಚಲದ ಸೇಬಿನ ಮರ ಶರತ್ಕಾಲದಲ್ಲಿ ಹಗಲು ಕುಗ್ಗಿದಂತೆ ಬೆಳವಣಿಗೆ ನಿಲ್ಲಿಸಿ, ಎಲೆ ಉದುರಿಸಿ, ಜೀವಕೋಶಗಳಲ್ಲಿ ಸಕ್ಕರೆ ಅಂಶ ಹೆಚ್ಚಿಸಿಕೊಳ್ಳುತ್ತದೆ. ಆಗ ಮಂಜುಗಡ್ಡೆಯು ಕೋಶಗಳ ಹೊರಗಿನ ಎಡೆಗಳಲ್ಲಿ ಕಟ್ಟುತ್ತದೆ. ಒಳಗಿನ ನೀರು ಹೊರಗೆ ಸರಿದು, ಉಳಿದ ರಸ ಗಟ್ಟಿಯಾಗಿ ಕೋಶ ಬದುಕುತ್ತದೆ. ಸುಪ್ತಾವಸ್ಥೆಯಲ್ಲಿ ಮೈನಸ್ 25 ಡಿಗ್ರಿಯನ್ನೂ ತಾಳುವ ಅದೇ ಮರದ ಅರಳಿದ ಹೂವು ಮೈನಸ್ 2 ಡಿಗ್ರಿಗೆ ಹಾಳಾಗತೊಡಗುತ್ತದೆ. ತಡವಾಗಿ ಹಾಕಿದ ಅಧಿಕ ಸಾರಜನಕವು ಎಳೆ ಚಿಗುರನ್ನು ತಂದು ಈ ಸಿದ್ಧತೆಯನ್ನು ಕೆಡಿಸುತ್ತದೆ.

ನಿತ್ಯಹಸಿರಿನ ಕಾಫಿಗೆ ಈ ಸಿದ್ಧತೆಯೇ ಇಲ್ಲ. ಎಲೆಯ ಉಷ್ಣಾಂಶ ಸುಮಾರು ಮೈನಸ್ 3ರಿಂದ 4 ಡಿಗ್ರಿಗೆ ಇಳಿದರೆ ಅದು ಸಾಯುತ್ತದೆ. ಮೋಡವೂ ಗಾಳಿಯೂ ಇಲ್ಲದ ರಾತ್ರಿ ಎಲೆ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುವುದರಿಂದ, ಹವಾಮಾನ ಕೇಂದ್ರದ ಮಾಪಕ ಸೊನ್ನೆಗಿಂತ ಮೇಲಿದ್ದರೂ ಎಲೆ ಹೆಪ್ಪುಗಟ್ಟಬಹುದು. ತಂಪು ಗಾಳಿ ನೀರಿನಂತೆ ತಗ್ಗಿಗೆ ಹರಿಯುತ್ತದೆ. ಒಂದೇ ತೋಟದಲ್ಲಿ ಹಳ್ಳದ ಸಾಲು ಕಪ್ಪಾಗಿ, ದಿಬ್ಬದ ಸಾಲು ಹಸಿರಾಗಿ ಉಳಿಯುವುದುಂಟು. ಅಲ್ಲಿನ ಬಹುಪಾಲು ತೋಟಗಳು ಬಯಲು ಬಿಸಿಲಿನಲ್ಲಿವೆ. ನಮ್ಮಲ್ಲಿರುವಂತೆ ರಾತ್ರಿಯ ಶಾಖವನ್ನು ತಡೆದಿಡುವ ನೆರಳು ಮರಗಳ ಹೊದಿಕೆ ಅವುಗಳಿಗಿಲ್ಲ. ಎಳೆ ಗಿಡಗಳ ಕಾಂಡಕ್ಕೆ ಚಳಿಗಾಲ ಮುಗಿಯುವವರೆಗೆ ಮಣ್ಣು ಏರಿಸುವುದು ಅಲ್ಲಿಯ ರೂಢಿ. ನೆಲವು ಹಗಲಿನ ಶಾಖವನ್ನು ಹೀರಿ ರಾತ್ರಿ ಬಿಡಲೆಂದು ಸಾಲುಗಳ ನಡುವಿನ ಕಳೆಯನ್ನೂ ತೆಗೆಯುತ್ತಾರೆ. (ಇದನ್ನು ನಮ್ಮಲ್ಲಿ ಅನುಕರಿಸಬೇಕಾಗಿಲ್ಲ, ನಮ್ಮ ಇಳಿಜಾರುಗಳಿಗೆ ಹೊದಿಕೆಯೇ ಲೇಸು.)

ಎಲೆ ಮಾತ್ರ ಸುಟ್ಟಿದ್ದರೆ ಗಿಡ ಮತ್ತೆ ಚಿಗುರುತ್ತದೆ. ಪೆಟ್ಟು ಬಹುತೇಕ ಮುಂದಿನ ಫಸಲಿಗೆ. ರೆಂಬೆ, ಕಾಂಡ ಸತ್ತಿದ್ದರೆ ಬುಡದವರೆಗೆ ಕಡಿಯಬೇಕಾಗಿ ಎರಡು ಫಸಲು ಹೋಗಬಹುದು. ಎಳೆ ತೋಟವೇ ಸತ್ತರೆ ಮರುನಾಟಿಯಾಗಿ ಮೂರು ವರ್ಷ ಕಾಯಬೇಕು. 1975ರ ಜುಲೈನ ‘ಕಪ್ಪು ಫ್ರಾಸ್ಟ್’ ಪರಾನಾ ರಾಜ್ಯದ ತೋಟಗಳನ್ನು ಬುಡಸಮೇತ ಕೊಂದಿತ್ತು. 1977ರಲ್ಲಿ ದರ ಪೌಂಡಿಗೆ 3 ಡಾಲರ್ ಮೀರಿತು. ಆದುದರಿಂದ ಮೊದಲ ದಿನದ ದರದ ಜಿಗಿತಕ್ಕಿಂತ, ಕೆಲವು ವಾರಗಳ ಅನಂತರ ಬರುವ ತೋಟ ಸಮೀಕ್ಷೆಗಳಲ್ಲಿ ಕಾಂಡದ ಹಾನಿಯ ಬಗ್ಗೆ ಏನಿದೆ ಎಂದು ನೋಡಿರಿ. ಸಾಲ ಮಾಡಿ ದಾಸ್ತಾನು ಹಿಡಿದವರು ಅಲ್ಲಿಯವರೆಗೆ ಒಂದು ಪಾಲನ್ನಾದರೂ ಮಾರುವುದು ಕ್ಷೇಮ.

ರೋಬಸ್ಟಾ ಬೆಳೆಗಾರರಿಗೆ ಇನ್ನೊಂದು ಮಾತು: ಬ್ರೆಜಿಲ್‌ನ ರೋಬಸ್ಟಾ ಬಹುಪಾಲು ಬೆಳೆಯುವುದು ಬೆಚ್ಚಗಿನ ಎಸ್ಪಿರಿಟೊ ಸಾಂಟೊ ರಾಜ್ಯದಲ್ಲಿ. ಅಲ್ಲಿ ಫ್ರಾಸ್ಟ್‌ಗಿಂತ ಬರಗಾಲದ ಸುದ್ದಿಯೇ ನಿಮಗೆ ಹೆಚ್ಚು ಸಂಬಂಧಿಸಿದ್ದು.