ಗುಂಟೆ ಲೆಕ್ಕದಲ್ಲಿ ಮಾರಿ, ಅಡಿ ಲೆಕ್ಕದಲ್ಲಿ ಕೊಂಡು



ಶಿವಮೊಗ್ಗ ಪೇಟೆಗೆ ಯಾವ ದಾರಿಯಿಂದ ಬೇಕಾದರೂ ಬನ್ನಿ. ಸವಳಂಗ ರಸ್ತೆ, ಹೊಳೆಹೊನ್ನೂರು ರಸ್ತೆ, ಎನ್.ಆರ್. ಪುರ ರಸ್ತೆ, ಎಲ್ಲ ಕಡೆ ಒಂದೇ ನೋಟ. ಗದ್ದೆಯಲ್ಲಿ ಬಿಳಿ ಬಣ್ಣ ಬಳಿದ ಕಲ್ಲು ನೆಟ್ಟಿದ್ದಾರೆ, ಮಣ್ಣು ಸುರಿದು ರಸ್ತೆ ಎಳೆದಿದ್ದಾರೆ, ಸೈಟುಗಳು ಮಾರಾಟಕ್ಕಿವೆ ಅಂತ ಬೋರ್ಡು ನಿಲ್ಲಿಸಿದ್ದಾರೆ. 2011ರ ಜನಗಣತಿಯಲ್ಲೇ ಪೇಟೆಯ ಜನಸಂಖ್ಯೆ 3 ಲಕ್ಷ 22 ಸಾವಿರ ದಾಟಿತ್ತು. 2023ರ ಫೆಬ್ರವರಿಯಲ್ಲಿ ಸೋಗಾನೆಯ ವಿಮಾನ ನಿಲ್ದಾಣ ಉದ್ಘಾಟನೆ ಆದ ಮೇಲಂತೂ ದಲ್ಲಾಳಿಗಳ ಬಾಯಿಗೆ ಬಿಡುವೇ ಇಲ್ಲ. ಸೈಟಿನ ಬೆಲೆ ಏರಿತು, ಸುತ್ತಲಿನ ರೈತರು ಉದ್ಧಾರ ಆದರು ಅಂತ ಓದಿದವರೂ ಹೇಳ್ತಾರೆ. ಉದ್ಧಾರ ಆದವರು ಯಾರು ಅಂತ ಲೆಕ್ಕ ಹಾಕಿ ನೋಡೋಣ. ನಾನು ಓದಿದ್ದು ಹಳ್ಳಿ ಹೈಸ್ಕೂಲು, ಈ ಲೆಕ್ಕಕ್ಕೆ ಅಷ್ಟು ಸಾಕು.

ಎಕರೆಗೆ 40 ಗುಂಟೆ, ಗುಂಟೆಗೆ 1089 ಚದರಡಿ, ಒಟ್ಟು 43,560 ಚದರಡಿ. ಪೇಟೆ ಅಂಚಿನ ಗದ್ದೆಯನ್ನು ಎಕರೆಗೆ 80 ಲಕ್ಷದಂತೆ ಕೊಟ್ಟಿರಿ ಅಂತ ಇಟ್ಟುಕೊಳ್ಳಿ. ಭಾರೀ ಮೊತ್ತ, ಕೇಳಿದರೆ ತಲೆ ತಿರುಗುತ್ತೆ. ಆದರೆ ನಿಮಗೆ ಚದರಡಿಗೆ ಬಿದ್ದದ್ದು 184 ರೂಪಾಯಿ. ಕೊಂಡವನು ಕನ್ವರ್ಷನ್ ಮಾಡಿಸಿ, ನಕ್ಷೆ ಪಾಸು ಮಾಡಿಸಿ, ರಸ್ತೆ, ಚರಂಡಿ, ಪಾರ್ಕು ಅಂತ ಅರ್ಧ ಜಾಗ ಬಿಟ್ಟರೂ 30×40ರ ಹದಿನೆಂಟು ಸೈಟು ಉಳೀತವೆ. ಚದರಡಿಗೆ 2000 ಅಂತ ಹಿಡಿದರೆ ಸೈಟಿಗೆ 24 ಲಕ್ಷ, ಹದಿನೆಂಟಕ್ಕೆ 4 ಕೋಟಿ 32 ಲಕ್ಷ. ನಿಮಗೆ ಕೊಟ್ಟ 80 ಲಕ್ಷ ಕಳೆಯಿರಿ. ಅವನ ಖರ್ಚು, ಬಡ್ಡಿ, ಅಲ್ಲಲ್ಲಿ ಕೈ ಬಿಸಿ ಮಾಡಿದ್ದು ಎಲ್ಲ ಸೇರಿ ಇನ್ನೂ ಒಂದೂವರೆ ಕೋಟಿ ಕಳೆಯಿರಿ. ಎರಡು ಕೋಟಿ ಉಳೀತು. ನಮ್ಮ ಅಜ್ಜ ಗುದ್ದಲಿ ಹಿಡಿದು ಸಮ ಮಾಡಿದ ಗದ್ದೆ. ಅದು ಇವನ ಹೆಸರಿನಲ್ಲಿ ಇದ್ದದ್ದು ಎರಡು ಮೂರು ವರ್ಷ.

ಅದೇ ಸೈಟನ್ನು ನಾವು ಭತ್ತ ಬೆಳೆದು ಕೊಳ್ಳೋಕಾಗುತ್ತಾ? 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ಸಾಮಾನ್ಯ ಭತ್ತಕ್ಕೆ ಕಟ್ಟಿದ ಬೆಂಬಲ ಬೆಲೆ ಕ್ವಿಂಟಾಲಿಗೆ 2369 ರೂಪಾಯಿ. 24 ಲಕ್ಷಕ್ಕೆ ಸಾವಿರ ಕ್ವಿಂಟಾಲಿನ ಮೇಲೆ ಬೇಕು. ಎಕರೆಗೆ 25 ಕ್ವಿಂಟಾಲ್ ಬಂದರೆ 40 ಎಕರೆಯ ಒಂದು ಬೆಳೆ, ಅದೂ ಗೊಬ್ಬರ, ಕೂಲಿ, ಟ್ರಾಕ್ಟರ್ ಬಾಡಿಗೆ ಒಂದೂ ಕಳೆಯದೆ. ಒಂದು ಗುಂಟೆ ಚಿಲ್ಲರೆ ಜಾಗಕ್ಕೆ 40 ಎಕರೆ ಫಸಲು! ಪೇಟೆಯ ಮೇಷ್ಟರು, ಗುಮಾಸ್ತರು ಏನೂ ಸುಖದಲ್ಲಿಲ್ಲ. ಅವರೂ ಇದೇ 24 ಲಕ್ಷಕ್ಕೆ ಜೀವಮಾನದ ಸಂಬಳ ಬರೆದುಕೊಡ್ತಾರೆ.

ನಮ್ಮ ಪಕ್ಕದ ಜಮೀನಿನ ಅಣ್ಣನೊಬ್ಬ ಎರಡು ಎಕರೆ ಹೀಗೇ ಕೊಟ್ಟ. ಸೊಸೈಟಿ ಸಾಲ, ನೀರು ಬಾರದ ಎರಡು ಬೋರಿನ ಸಾಲ, ಮಗಳ ಮದುವೆ, ತಮ್ಮಂದಿರ ಪಾಲು ಎಲ್ಲ ಆಗಿ ಮಿಕ್ಕಿದ್ದು ಸ್ವಲ್ಪ. ಮಗನಿಗೆ ಪೇಟೆಯಲ್ಲಿ ಮನೆ ಬೇಕು ಅಂತ ಅದೇ ಲೇಔಟಿನಲ್ಲಿ ಒಂದು ಸೈಟು ಕೊಂಡ, ಮೊದಲು ಸಸಿಮಡಿ ಹಾಕ್ತಿದ್ದ ಮೂಲೆಯದು. ಮಗನಿಗೆ ಸಂಬಳದ ಕೆಲಸ ಇತ್ತು, ಬ್ಯಾಂಕು 20 ವರ್ಷದ ಸಾಲ ಕೊಟ್ಟಿತು. ಈಗ ತಾವು ಮಾರಿದ ಮಣ್ಣಿಗೆ ತಾವೇ ತಿಂಗಳ ಕಂತು ಕಟ್ತಾ ಇದ್ದಾರೆ. "ನನ್ನ ಸಸಿಮಡಿಗೆ ಹೋಗೋಕೆ ಗೇಟಿನವನ ಪುಸ್ತಕದಲ್ಲಿ ರುಜು ಹಾಕ್ಬೇಕು ಕಣಯ್ಯಾ" ಅಂತ ಹೇಳಿ ನಕ್ಕ. ನನಗೆ ನಗು ಬರಲಿಲ್ಲ.

ಇನ್ನೊಂದು ನೋಡಿ. ಆ ಸೈಟಿನ ಮೇಲೆ ಮನೆ ಕಟ್ಟಿದರೆ ಬ್ಯಾಂಕು ಅದರ ಬೆಲೆ ನೋಡಿ ಸಾಲ ಕೊಡುತ್ತೆ. ಪಕ್ಕದಲ್ಲೇ ಇರುವ ನಮ್ಮ ಗದ್ದೆಗೆ ಬೆಳೆ ಸಾಲ ಸಿಗೋದು ಎಕರೆಗೆ ಇಷ್ಟು, ಇಂಥ ಬೆಳೆಗೆ ಇಷ್ಟು ಅಂತ ಕಟ್ಟಿದ ಪಟ್ಟಿಯಂತೆ. ಗದ್ದೆ ಬೆಲೆ ಹತ್ತು ಪಾಲು ಏರಿದರೂ ಬ್ಯಾಂಕಿನ ಕಣ್ಣಿಗೆ ನಾವು ಹಿಂದಿನಷ್ಟೇ ಬಡವರು. ಏರಿದ ಬೆಲೆ ಕೈಗೆ ಬರಬೇಕಾದರೆ ಮಾರಲೇಬೇಕು. ಇನ್ನು 2020ರಲ್ಲಿ ಭೂಸುಧಾರಣೆ ಕಾಯ್ದೆಯ 79ಎ, 79ಬಿ ಕಲಂ ತೆಗೆದ ಮೇಲೆ, ಒಕ್ಕಲುತನ ಗೊತ್ತಿಲ್ಲದವನೂ ದುಡ್ಡಿನ ಚೀಲ ಹಿಡಿದು ಬಂದು ನಮ್ಮ ಜಗಲಿ ಮೇಲೆ ಕೂರಬಹುದು.

ಈಗ ನಮ್ಮ ತಪ್ಪಿಗೆ ಬರೋಣ. ನಾನೂ ಮಾಡಿದೀನಿ, ಮುಚ್ಚಿಡಲ್ಲ. ಆಸ್ಪತ್ರೆ ಖರ್ಚಿಗೆ 20 ಗುಂಟೆ ಮಾರಿದೆ. ಕೊಂಡವನು ಪತ್ರದಲ್ಲಿ ಸರ್ಕಾರದ ಮಾರ್ಗಸೂಚಿ ಬೆಲೆಯಷ್ಟೇ ಬರೆಸಿದ, ಉಳಿದದ್ದು ನೋಟಿನಲ್ಲಿ ಕೊಟ್ಟ. ಅವನಿಗೆ ಮುದ್ರಾಂಕ ಶುಲ್ಕ ಉಳೀತು. ನಾನು ಸುಮ್ಮನೆ ಹೆಬ್ಬೆಟ್ಟು ಒತ್ತಿ ಬಂದೆ. ಆಮೇಲೆ ರಸ್ತೆಗೆ ಅಂತ ನಮ್ಮೂರ ಜಮೀನು ಹಿಡಿದರು. 2013ರ ಭೂಸ್ವಾಧೀನ ಕಾಯ್ದೆಯ 26ನೇ ಕಲಂ ಪ್ರಕಾರ, ಹಿಂದಿನ ಮೂರು ವರ್ಷದಲ್ಲಿ ಸುತ್ತಮುತ್ತ ಆದ ಕ್ರಯಪತ್ರಗಳಲ್ಲಿ ಹೆಚ್ಚು ಬೆಲೆಯ ಅರ್ಧದಷ್ಟನ್ನು ತೆಗೆದು ಸರಾಸರಿ ಹಾಕ್ತಾರೆ. ಅದು ಹೆಚ್ಚೋ, ಮಾರ್ಗಸೂಚಿ ಬೆಲೆ ಹೆಚ್ಚೋ, ಹೆಚ್ಚಿನದನ್ನು ಹಿಡೀತಾರೆ. ಅದರ ಮೇಲೆ ನೂರಕ್ಕೆ ನೂರು ಸೊಲೇಷಿಯಂ ಕೊಡ್ತಾರೆ. ಎಲ್ಲ ಪತ್ರಗಳೂ ಮಾರ್ಗಸೂಚಿ ಬೆಲೆಗೇ ಆಗಿದ್ದರೆ ಹೆಚ್ಚಿನದು ಎಲ್ಲಿಂದ ಬರಬೇಕು? ಅಧಿಕಾರಿ ಎದುರಿಗಿಟ್ಟ ಹಾಳೆಗಳಲ್ಲಿ ನನ್ನದೂ ಒಂದಿತ್ತು. ಜಮೀನು ಕಳಕೊಂಡ ನೆರೆಯವರ ಮುಖ ನೋಡೋಕಾಗದೆ ನಾನು ಆವತ್ತು ಸಭೆಯಿಂದ ಎದ್ದು ಬಂದೆ.

ಮಾರಲೇಬೇಡಿ ಅಂತ ನಾನು ಹೇಳೋದಿಲ್ಲ. ಸಾಲಗಾರ ಮನೆ ಮುಂದೆ ನಿಂತಾಗ ಉಪದೇಶ ಹೊಟ್ಟೆ ತುಂಬಿಸಲ್ಲ. ಆದರೆ ಪತ್ರದಲ್ಲಿ ನಿಜವಾದ ಬೆಲೆ ಬರೆಸಿ. ಸಾಧ್ಯವಾದರೆ ಒಬ್ಬೊಬ್ಬರೇ ಮಾರದೆ ಬದುವಿಗೆ ಬದು ಹೊಂದಿದ ನಾಲ್ಕಾರು ಮನೆಯವರು ಸೇರಿ, ದುಡ್ಡಿನ ಬದಲು ಆಗುವ ಸೈಟುಗಳಲ್ಲೇ ಪಾಲು ಕೇಳಿ. ಜಂಟಿ ಕರಾರು ಅಂತ ಹೇಳಿ ಪೂರ್ತಿ ಅಧಿಕಾರದ ಜಿಪಿಎ ಬರೆಸಿಕೊಳ್ಳೋಕೆ ಬಂದರೆ, ಬೇರೆ ವಕೀಲರಿಗೆ ಓದಿಸದೆ ರುಜು ಹಾಕಬೇಡಿ. ಅವರು ಕರೆತಂದ ವಕೀಲರು ಅವರವರೇ.

ಮುಂದಿನ ತಿಂಗಳ ಸಭೆಗೆ ಬರುವಾಗ ನಿಮ್ಮ ಗ್ರಾಮದಲ್ಲಿ ಹಿಂದಿನ ಮೂರು ವರ್ಷ ರಿಜಿಸ್ಟರ್ ಆದ ಕ್ರಯದ ದರ, ನಿಜವಾಗಿ ಕೈಗೆ ಬಂದ ದರ, ಎರಡನ್ನೂ ಒಂದು ಚೀಟಿಯಲ್ಲಿ ಬರೆದು ತನ್ನಿ. ಹೆಸರು ಬರೆಯೋದು ಬೇಡ, ಸರ್ವೆ ನಂಬರು ಸಾಕು. ನನ್ನ 20 ಗುಂಟೆಯ ಚೀಟಿ ಮೊದಲು ಓದ್ತೀನಿ.