ದನ, ಧನ ಮತ್ತು ಗೋಡೆಯ ಮೇಲಿನ ದೊಡ್ಡ ಪರದೆ



ಕಳೆದ ಮಳೆಗಾಲದ ಒಂದು ಸಂಜೆ ನೆರೆಮನೆಯ ಹುಡುಗನ ಓದನ್ನು ಪರೀಕ್ಷಿಸುವ ಕೆಲಸ ನನ್ನ ಪಾಲಿಗೆ ಬಂತು. ಅವನು ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಯೊಂದರಲ್ಲಿ ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದಾನೆ. ಮನೆಯವರು ಗೋಡೆಯ ಮೇಲಿನ 43 ಇಂಚಿನ ಟಿವಿಗೆ ಹಳೆಯ ಲ್ಯಾಪ್‌ಟಾಪನ್ನು ಜೋಡಿಸಿ, ಪುಟವೊಂದು ಪೂರ್ತಿಯಾಗಿ ಪರದೆಯಲ್ಲಿ ಹಿಡಿಯುವಂತೆ ಪಾಠವನ್ನು ತೆರೆದಿಟ್ಟಿದ್ದರು. ಹುಡುಗ ಎರಡಡಿ ದೂರದಲ್ಲಿ ಕುಳಿತು ‘ವಿದ್ಯಾಧನ’ವನ್ನು ‘ವಿದ್ಯಾದನ’ ಎಂದು ಓದಿದ. ತಿದ್ದಿದೆ. ಮುಂದಿನ ಸಾಲಿನಲ್ಲಿ ಮತ್ತೆ ಅದೇ ತಪ್ಪು. ಮೂರನೆಯ ಸಲ ಗದರಿದೆ. ಅವನ ತಂದೆ ನಿಟ್ಟುಸಿರಿಟ್ಟು, “ಇವನಿಗೆ ಕನ್ನಡ ತಲೆಗೆ ಹತ್ತುವುದಿಲ್ಲ ಮಾಸ್ಟ್ರೇ, ಬರುವ ವರ್ಷ ಇಂಗ್ಲಿಷ್ ಮಾಧ್ಯಮಕ್ಕೆ ಸೇರಿಸುವ ಯೋಚನೆ ಉಂಟು” ಎಂದರು.

ಆಗ ಕನ್ನಡಕ ಏರಿಸಿಕೊಂಡು ಪರದೆಯ ಬಳಿಗೆ ಹೋಗಿ ನೋಡಿದೆ. ‘ಹೊಟ್ಟೆ ಸೀಳಿದ ಧ’ ಎಂದು ನಾವು ತಲೆಮಾರುಗಳಿಂದ ಕಲಿಸುತ್ತ ಬಂದಿರುವ ಅಕ್ಷರಕ್ಕೆ ಅಲ್ಲಿ ಸೀಳೇ ಇರಲಿಲ್ಲ. ಮುದ್ರಿತ ಪುಸ್ತಕವನ್ನು ಕೈಗಿತ್ತಾಗ ಹುಡುಗ ಅದೇ ಸಾಲನ್ನು ತಪ್ಪಿಲ್ಲದೆ ಓದಿದ. ತಪ್ಪು ಮಗುವಿನದಲ್ಲ, ಕನ್ನಡದ್ದೂ ಅಲ್ಲ. ಪರಿಶೀಲಿಸದೆ ಗದರಿದ ನನ್ನದು, ಹೊಂದಿಸದೆ ಬಿಟ್ಟ ಪರದೆಯದು. ಮೂವತ್ತು ವರ್ಷಕ್ಕೂ ಮಿಕ್ಕಿ ಪಾಠ ಹೇಳಿದವನಿಗೆ ಇದು ನಾಚಿಕೆಯ ಸಂಗತಿ. ಹಾಗೆಂದೇ ಈ ಟಿಪ್ಪಣಿಯನ್ನು ಬರೆಯುತ್ತಿದ್ದೇನೆ.

2020ರ ಜೂನ್‌ನಿಂದ, ‘ಫಸ್ಟ್ ಬೆಲ್’ ಪಾಠಗಳು ಆರಂಭವಾದಂದಿನಿಂದ, ನಮ್ಮ ಮನೆಗಳಲ್ಲಿ ಟಿವಿಯೂ ಕಲಿಕೆಯ ಉಪಕರಣವಾಯಿತು. ಅದನ್ನು ಕಂಪ್ಯೂಟರಿನ ಪರದೆಯಾಗಿ ಬಳಸುವುದು ದುಂದುಗಾರಿಕೆಯೆಂದು ಕೆಲವರೂ, ಕಣ್ಣಿಗೆ ಕೇಡೆಂದು ಕೆಲವರೂ ಆಕ್ಷೇಪಿಸುತ್ತಾರೆ. ನನ್ನ ಅಭಿಪ್ರಾಯ ಬೇರೆ. ಬೆಂಗಳೂರಿನ ಮಗು ಬಸ್ಸಿನ ಫಲಕದಲ್ಲಿ, ಅಂಗಡಿಯ ಹೆಸರಿನಲ್ಲಿ, ಗೋಡೆಯ ಜಾಹೀರಾತಿನಲ್ಲಿ ಕನ್ನಡವನ್ನು ದಿನವಿಡೀ ಕಾಣುತ್ತದೆ. ನಮ್ಮ ಮಕ್ಕಳಿಗೆ ಆ ಭಾಗ್ಯ ಕಡಿಮೆ. ಶಾಲೆಯ ಗೇಟು ದಾಟಿದರೆ ಕಾಸರಗೋಡಿನಲ್ಲಿ ಮಲಯಾಳ, ತಾಳವಾಡಿಯಲ್ಲಿ ತಮಿಳು, ಅಕ್ಕಲಕೋಟೆಯಲ್ಲಿ ಮರಾಠಿ, ಮಡಕಶಿರದಲ್ಲಿ ತೆಲುಗು. ಆ ಲಿಪಿಗಳ ಮೇಲೆ ನನಗೆ ದ್ವೇಷವಿಲ್ಲ. ಅವುಗಳನ್ನೂ ಮಕ್ಕಳು ಕಲಿಯಲಿ. ಆದರೆ ಬೀದಿಯಲ್ಲಿ ಕಾಣದ ಕನ್ನಡವನ್ನು ಮನೆಯ ಗೋಡೆಯ ಮೇಲಾದರೂ ದೊಡ್ಡದಾಗಿ, ನಿಚ್ಚಳವಾಗಿ ಕಾಣಿಸುವ ಹೊಣೆ ನಮ್ಮದು. ಅಂಗೈಯಗಲದ ಮೊಬೈಲಿನ ಮೇಲೆ ಕುತ್ತಿಗೆ ಬಗ್ಗಿಸಿ ಒಂಟಿಯಾಗಿ ಓದುವುದಕ್ಕಿಂತ ತಂದೆತಾಯಿ, ಅಜ್ಜಿ, ತಂಗಿ ಎಲ್ಲರೂ ಕೂಡಿ ಒಂದೇ ಪುಟವನ್ನು ಓದುವುದು ಮೇಲು. ಟಿವಿ ಹೇಗೂ ಮನೆಯಲ್ಲಿದೆ. ಬೇಕಾಗಿರುವುದು ಒಂದು ಎಚ್‌ಡಿಎಂಐ ತಂತಿ ಮತ್ತು ತುಸು ತಿಳಿವಳಿಕೆ.

ಮೊದಲು ತಿಳಿಯಬೇಕಾದದ್ದು ಇದು: ಪರದೆ ದೊಡ್ಡದಾದಷ್ಟಕ್ಕೇ ಅಕ್ಷರ ಸ್ಪಷ್ಟವಾಗುವುದಿಲ್ಲ. ಫುಲ್ ಎಚ್‌ಡಿ ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕೆಗಳಿರುತ್ತವೆ. 24 ಇಂಚಿನ ಮಾನಿಟರಿನಲ್ಲಿ ಇವು ಒಂದು ಸೆಂಟಿಮೀಟರಿಗೆ ಸುಮಾರು 36ರಂತೆ ಒತ್ತಾಗಿ ಕೂಡುತ್ತವೆ; 43 ಇಂಚಿನ ಟಿವಿಯಲ್ಲಿ ಸುಮಾರು 20ರಂತೆ ಹರಡಿಕೊಳ್ಳುತ್ತವೆ. ಅದೇ ಅಳತೆಯ 4ಕೆ ಟಿವಿಯಲ್ಲಿ ಸುಮಾರು 40. ರೋಮನ್ ಅಕ್ಷರಕ್ಕೆ ಸಾಲುವಷ್ಟು ಚುಕ್ಕೆ ಕನ್ನಡಕ್ಕೆ ಸಾಲದು. ನಮ್ಮ ದ–ಧ, ಡ–ಢ, ಪ–ಫ, ಬ–ಭ ಜೋಡಿಗಳ ಅಂತರ ಒಂದು ಚಿಕ್ಕ ಸೀಳಿನಲ್ಲಿದೆ. ‘ರಾಷ್ಟ್ರ’ದಂತಹ ಪದದಲ್ಲಿ ಒತ್ತಿನ ಮೇಲೆ ಒತ್ತು. ಚುಕ್ಕೆ ಕಡಿಮೆಯಾದಲ್ಲಿ ಮೊದಲು ಅಳಿಯುವುದು ಇವೇ. ದನಕ್ಕೂ ಧನಕ್ಕೂ ಭೇದವಳಿದ ಮೇಲೆ ಓದಿಗೆ ಅರ್ಥವೆಲ್ಲಿ?

ಇದಕ್ಕೆ ಪರಿಹಾರ ಕಷ್ಟದ್ದಲ್ಲ. ಒಂದೊಂದಾಗಿ ಹೇಳುತ್ತೇನೆ.

ದೂರ: 43 ಇಂಚಿನ ಫುಲ್ ಎಚ್‌ಡಿ ಟಿವಿಯಾದರೆ ಸುಮಾರು ಐದೂವರೆ ಅಡಿ, 4ಕೆ ಆದರೆ ಸುಮಾರು ಮೂರಡಿ ದೂರದಲ್ಲಿ ಮಗು ಕುಳಿತುಕೊಳ್ಳಲಿ. ಅದಕ್ಕಿಂತ ಹತ್ತಿರವಾದರೆ ಚುಕ್ಕೆಗಳೇ ಬಿಡಿಬಿಡಿಯಾಗಿ ಕಾಣತೊಡಗುತ್ತವೆ.

ಗಾತ್ರ: ಇಡೀ ಪುಟವನ್ನು ಒಮ್ಮೆಗೇ ತೋರಿಸುವ ಹಟ ಬೇಡ. ಅರ್ಧ ಪುಟ ಸಾಕು. ಧಕಾರದ ಸೀಳು ಕುಳಿತಲ್ಲಿಂದ ಕಾಣುವವರೆಗೆ ಹಿಗ್ಗಿಸಿರಿ.

ಟಿವಿಯ ಹೊಂದಾಣಿಕೆ: ಚಲನಚಿತ್ರಕ್ಕಾಗಿ ಸಿದ್ಧಪಡಿಸಿದ ಟಿವಿ ಚಿತ್ರದ ಅಂಚನ್ನು ತಾನಾಗಿ ತೀಡುತ್ತದೆ, ಇದರಿಂದ ಅಕ್ಷರದ ಸುತ್ತ ಇಲ್ಲದ ಗೆರೆ ಹುಟ್ಟುತ್ತದೆ. ‘ಶಾರ್ಪ್‌ನೆಸ್’ ಅನ್ನು ಆ ಗೆರೆ ಮಾಯವಾಗುವವರೆಗೆ ಇಳಿಸಿರಿ. ಪುಟದ ಅಂಚು ಕತ್ತರಿಸಿ ಹೋಗುತ್ತಿದ್ದರೆ ಚಿತ್ರದ ಅಳತೆಯನ್ನು ‘ಸ್ಕ್ರೀನ್ ಫಿಟ್’ ಅಥವಾ ‘ಜಸ್ಟ್ ಸ್ಕ್ಯಾನ್’ ಎಂದು ಬದಲಿಸಿರಿ. ಅನೇಕ ಟಿವಿಗಳು ನಾಲ್ಕು ಚುಕ್ಕೆಗಳಿಗೆ ಒಂದೇ ಬಣ್ಣದ ಮಾಹಿತಿಯನ್ನು ಹಂಚುವುದರಿಂದ ಬಣ್ಣದ ಅಕ್ಷರಗಳು ಕಲಸಿಹೋಗುತ್ತವೆ. ಎಚ್‌ಡಿಎಂಐ ಪ್ರವೇಶಕ್ಕೆ ‘ಪಿಸಿ’ ಎಂಬ ಹೆಸರನ್ನು ಆರಿಸಿದರೆ ಹಲವು ಟಿವಿಗಳಲ್ಲಿ ಈ ದೋಷ ನೀಗುತ್ತದೆ. ಬೆಳಕನ್ನು ಕೋಣೆಗೆ ತಕ್ಕಂತೆ ತಗ್ಗಿಸಿರಿ. ಅಂಗಡಿಯಲ್ಲಿ ಕಣ್ಸೆಳೆಯಲು ಇಟ್ಟ ಬೆಳಕು ಓದಿಗೆ ಸಲ್ಲದು.

ಇನ್ನೊಂದು ಮಾತು. ಪರದೆ ನೋಡುವುದಕ್ಕಷ್ಟೇ ಆದರೆ ಅದು ಮತ್ತೆ ಧಾರಾವಾಹಿಯ ಪೆಟ್ಟಿಗೆಯೇ. ಮಗು ಅದರಲ್ಲಿ ಬರೆಯಬೇಕು. ನಮ್ಮ ಕರಾವಳಿಯವರೇ ಆದ ಕೆ. ಪಿ. ರಾಯರು ರೂಪಿಸಿದ ಕೀಲಿಮಣೆ ವಿನ್ಯಾಸ ಇಂದು ‘ಕಗಪ’ ಎಂಬ ಹೆಸರಿನಲ್ಲಿ ಲಿನಕ್ಸ್‌ನಲ್ಲಿಯೂ ದೊರೆಯುತ್ತದೆ. ಕೇರಳದ ಶಾಲಾ ಕಂಪ್ಯೂಟರುಗಳು ನಡೆಯುವುದೂ ಲಿನಕ್ಸ್‌ನಲ್ಲಿಯೇ. ದಿನಕ್ಕೆ ಐದೇ ಸಾಲು ಸಾಕು: ಇಂದು ಏನು ತಿಂದೆ, ಯಾರು ಬಂದರು, ಮಳೆ ಎಷ್ಟು ಹೊಯ್ದಿತು. ತಾನು ಒತ್ತಿದ ಒತ್ತಕ್ಷರ ಗೋಡೆಯ ಮೇಲೆ ಮೂಡುವುದನ್ನು ಕಂಡ ಮಗುವಿಗೆ ಕನ್ನಡ ಶಾಲೆಯ ಭಾಷೆ ಮಾತ್ರವಾಗಿ ಉಳಿಯುವುದಿಲ್ಲ.

ಪರದೆ ಶಿಕ್ಷಕನ ಸ್ಥಾನವನ್ನು ತುಂಬಲಾರದು ಎಂಬುದನ್ನೂ ಒತ್ತಿ ಹೇಳಬೇಕು. ಪ್ರಾಥಮಿಕ ಹಂತದಲ್ಲಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯಲ್ಲಿ ಶಿಕ್ಷಣದ ಸೌಕರ್ಯ ಒದಗಿಸಲು ಪ್ರತಿಯೊಂದು ರಾಜ್ಯವೂ ಯತ್ನಿಸಬೇಕೆಂದು ಸಂವಿಧಾನದ 350ಎ ವಿಧಿ ಹೇಳುತ್ತದೆ. ಅದು 1956ರಲ್ಲಿ, ರಾಜ್ಯಗಳ ಗೆರೆ ಹೊಸದಾಗಿ ಎಳೆದ ವರ್ಷವೇ, ಸೇರಿದ ವಿಧಿ. ಕನ್ನಡ ಬಲ್ಲ ಶಿಕ್ಷಕರಿಗಾಗಿ ನಾವು ಕೇಳುತ್ತಲೇ ಇರಬೇಕು; ‘ಮನೆಯಲ್ಲಿ ಟಿವಿ ಉಂಟಲ್ಲ’ ಎಂಬ ಉತ್ತರವನ್ನು ಯಾರಿಂದಲೂ ಒಪ್ಪಿಕೊಳ್ಳಬಾರದು. ಆದರೆ ಹಕ್ಕಿನ ಅರ್ಜಿ ಕಚೇರಿಯಿಂದ ಕಚೇರಿಗೆ ಅಲೆಯುತ್ತಿರುವಾಗ ಮಗು ಬೆಳೆಯುವುದನ್ನು ನಿಲ್ಲಿಸುವುದಿಲ್ಲ. ಸರಕಾರ ಮಾಡಬೇಕಾದದ್ದನ್ನು ಸರಕಾರದಿಂದ ಕೇಳೋಣ, ಮನೆಯಲ್ಲಿ ಆಗಬೇಕಾದದ್ದನ್ನು ಇಂದೇ ಮಾಡೋಣ.

ಆ ಹುಡುಗನ ಮನೆಯಲ್ಲಿ ಈಗ ಕುರ್ಚಿ ಹಿಂದೆ ಸರಿದಿದೆ, ಅಕ್ಷರ ಹಿಗ್ಗಿದೆ. ಇಂಗ್ಲಿಷ್ ಮಾಧ್ಯಮದ ಮಾತು ಪೂರ್ತಿ ನಿಂತಿಲ್ಲ. ತಂದೆ ಇನ್ನೂ ಯೋಚಿಸುತ್ತಿದ್ದಾರೆ. ಆದರೆ ‘ಕನ್ನಡ ತಲೆಗೆ ಹತ್ತುವುದಿಲ್ಲ’ ಎಂಬ ಕಾರಣವನ್ನು ಅವರು ಈಗ ಹೇಳುತ್ತಿಲ್ಲ. ನಿಮ್ಮ ಮಗು ಓದಿನಲ್ಲಿ ಎಡವಿದಾಗ ಮಗುವನ್ನೂ ಭಾಷೆಯನ್ನೂ ದೂರುವ ಮುನ್ನ ಒಮ್ಮೆ ಅದರ ಜಾಗದಲ್ಲಿ ಕುಳಿತು ಪರದೆಯನ್ನು ನೋಡಿರಿ. ಧಕಾರದ ಸೀಳು ನಿಮಗೆ ಕಾಣಿಸುತ್ತದೆಯೇ?